ತಂದೆತಾಯಿಯೊಂದಿಗೆ ನೇಪಾಳ ಯಾತ್ರೆ: ಮುಕ್ತಿನಾಥಕ್ಕೆ ಯಾವಾಗ ಹೋಗಬೇಕು?

ಪ್ರಶ್ನೆ

ಅಕ್ಟೋಬರ್ ಕೊನೆಯಲ್ಲಿ, ಎಪ್ಪತ್ತರ ಆಸುಪಾಸಿನ ತಂದೆತಾಯಿಯನ್ನು ನೇಪಾಳಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ನಮ್ಮದು ಮಾಧ್ವ ಮನೆತನವಾದ್ದರಿಂದ, ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ಬಂದ ಗಂಡಕಿ ನದಿಯನ್ನು ಕಣ್ಣಾರೆ ಕಂಡು ಮುಕ್ತಿನಾಥನ ದರ್ಶನ ಮಾಡಬೇಕೆಂಬುದು ತಾಯಿಯವರ ಬಹುಕಾಲದ ಹಂಬಲ. ತಂದೆಯವರಿಗೆ ಬೌದ್ಧನಾಥ ಸ್ತೂಪವನ್ನೂ ಲುಂಬಿನಿಯನ್ನೂ ನೋಡುವ ಆಸೆಯಿದೆ. ಹತ್ತು ದಿನಗಳಲ್ಲಿ ಇವುಗಳ ಜೊತೆಗೆ ಕಠ್ಮಂಡು, ಪೋಖರಾ ಮತ್ತು ಒಂದು ಗುಡ್ಡದ ಊರನ್ನು ಹಿರಿಯರಿಗೆ ದಣಿವಾಗದಂತೆ ಹೊಂದಿಸಿಕೊಳ್ಳುವುದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಮುಕ್ತಿನಾಥವನ್ನು ಯಾತ್ರೆಯ ನಡುಭಾಗದಲ್ಲಿ ಇಟ್ಟುಕೊಳ್ಳಿ, ಅದರ ಮುಂದಿನ ಒಂದು ದಿನವನ್ನು ಖಾಲಿ ಬಿಡಿ. ಪೋಖರಾದಿಂದ ಮುಕ್ತಿನಾಥದ ದಾರಿಯ ಊರಾದ ಜೋಮ್‌ಸೋಮ್‌ಗೆ ಹೋಗುವ ಚಿಕ್ಕ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ, ಏಕೆಂದರೆ ಬಿಸಿಲೇರಿದಂತೆ ಕಾಳಿ ಗಂಡಕಿಯ ಕಣಿವೆಯಲ್ಲಿ ಗಾಳಿ ವಿಪರೀತವಾಗುತ್ತದೆ. ಮೋಡ ಕವಿದರೆ ಬೆಳಗಿನ ವಿಮಾನವೂ ರದ್ದಾಗಬಹುದು. ಪೋಖರಾ ಸುಮಾರು 820 ಮೀಟರ್ ಎತ್ತರದಲ್ಲಿದ್ದರೆ ಜೋಮ್‌ಸೋಮ್ 2,700 ಮೀಟರ್, ದೇವಸ್ಥಾನ 3,700 ಮೀಟರ್‌ಗೂ ಮೇಲಿದೆ. ಹೀಗಿರುವಾಗ ಹಿರಿಯರನ್ನು ಒಂದೇ ಬೆಳಗಿನಲ್ಲಿ ಅಷ್ಟು ಮೇಲಕ್ಕೆ ಕೊಂಡೊಯ್ಯುವ ಪ್ಯಾಕೇಜ್‌ಗಳನ್ನು ನಾನು ಖಂಡಿತ ಒಪ್ಪುವುದಿಲ್ಲ. ರಸ್ತೆ ಒರಟಾದರೂ ಸಮಯವಿದ್ದರೆ ಜೀಪಿನಲ್ಲಿ ಹೋಗಿ ದಾರಿಯ ಊರುಗಳಾದ ತಾತೋಪಾನಿಯಲ್ಲೊಂದು ರಾತ್ರಿ, ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲೊಂದು ರಾತ್ರಿ ತಂಗುವುದು ದೇಹಕ್ಕೆ ಒಳ್ಳೆಯದು. ಬೆಳಿಗ್ಗೆ ದರ್ಶನ ಮುಗಿಸಿ, ಮಧ್ಯಾಹ್ನದೊಳಗೆ ಕೆಳಗಿಳಿಯಿರಿ. ವಾಹನ ನಿಲ್ಲುವ ರಾಣಿಪೌವಾದಿಂದ ದೇವಸ್ಥಾನದವರೆಗಿನ ಏರಿಗೆ ಕುದುರೆಗಳು ಸಿಗುತ್ತವೆ. ಹೊರಡುವ ಮೊದಲು ವೈದ್ಯರ ಸಲಹೆಯನ್ನೂ ಪಡೆಯಿರಿ.

ಗುಡಿಯ ಹಿಂದೆ ಅರ್ಧವೃತ್ತಾಕಾರದ ಗೋಡೆಯಲ್ಲಿ ಸಾಲಾಗಿ 108 ಗೋಮುಖಗಳಿವೆ. ಭಕ್ತರು ತಲೆ ತಗ್ಗಿಸಿ ಒಂದೊಂದರ ಧಾರೆಗೂ ಮೈಯೊಡ್ಡುತ್ತ ಓಡುತ್ತಾರೆ. ನೀರು ಬೆರಳು ಮರಗಟ್ಟುವಷ್ಟು ತಣ್ಣಗಿರುವುದರಿಂದ ನಿಮ್ಮ ತಾಯಿಯವರು ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ನಾವು ನಾರಾಯಣನೆಂದು ಪೂಜಿಸುವ ಅದೇ ಮೂರ್ತಿಯನ್ನು ಬೌದ್ಧರು ಅವಲೋಕಿತೇಶ್ವರನೆಂದು ಆರಾಧಿಸುತ್ತಾರೆ, ಸನ್ನಿಧಿಯ ಸೇವೆಯಲ್ಲಿ ಬೌದ್ಧ ಭಿಕ್ಷುಣಿಯರಿದ್ದಾರೆ. ಹತ್ತಿರದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಹೊಮ್ಮುವ ಅನಿಲದ ಪುಟ್ಟ ನೀಲಿ ಜ್ವಾಲೆಯನ್ನು ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ, ಅದನ್ನು ಬಿಡಬೇಡಿ.

ಉತ್ತರ 2

ಮೇಲಿನ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಕಠ್ಮಂಡುವಿನಲ್ಲಿ ಪಶುಪತಿನಾಥ ಮತ್ತು ಬೌದ್ಧನಾಥ ಅಕ್ಕಪಕ್ಕದ ಬಡಾವಣೆಗಳಲ್ಲಿರುವುದರಿಂದ ಎರಡನ್ನೂ ಒಂದೇ ದಿನ ಸಾವಧಾನವಾಗಿ ನೋಡಬಹುದು. ಪಶುಪತಿಯ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವಿರುವುದು ದಕ್ಷಿಣ ಭಾರತದಿಂದ, ಹೆಚ್ಚಾಗಿ ಕರ್ನಾಟಕದಿಂದ, ಹೋದ ಭಟ್ಟರಿಗೆ ಮಾತ್ರ. ಇದನ್ನು ತಿಳಿದು ನಿಂತಾಗ ಆ ದರ್ಶನಕ್ಕೆ ಬೇರೆಯದೇ ಆಪ್ತತೆ ಬರುತ್ತದೆ. ಬೆಳಿಗ್ಗೆ ಅಲ್ಲಿ ದರ್ಶನ ಮುಗಿಸಿ, ಸಂಜೆ ಬೌದ್ಧನಾಥದಲ್ಲಿ ಟಿಬೆಟನ್ ವೃದ್ಧರು ಜಪಮಣಿ ಎಣಿಸುತ್ತ ಪ್ರದಕ್ಷಿಣೆ ಬರುವಾಗ ನೀವೂ ಅವರೊಡನೆ ನಡೆಯಿರಿ. 2015ರ ಭೂಕಂಪದಲ್ಲಿ ಹಾನಿಗೊಂಡ ಸ್ತೂಪದ ಶಿಖರವನ್ನು ಮರುವರ್ಷವೇ ಪುನರ್ನಿರ್ಮಿಸಲಾಯಿತು. ಗುಡ್ಡದ ಮೇಲಿನ ಸ್ವಯಂಭೂನಾಥ ಸ್ತೂಪದ ಪೂರ್ವದಿಕ್ಕಿನ ಕಡಿದಾದ ಮೆಟ್ಟಿಲುಗಳನ್ನು ಬಿಟ್ಟು, ವಾಹನ ಹೋಗುವ ಹಿಂಬದಿಯ ದಾರಿಯಿಂದ ಹೋಗಿ. ಸಮಯ ಉಳಿದರೆ ಕಠ್ಮಂಡುವಿನ ಪಕ್ಕದ ಪಾಟನ್‌ನಲ್ಲಿ 1637ರ ಕಲ್ಲಿನ ಕೃಷ್ಣ ಮಂದಿರವಿದೆ. ಕಠ್ಮಂಡುವಿಗೆ ಹತ್ತಿರದ ಗುಡ್ಡದ ಊರಾದ ನಾಗರಕೋಟ್‌ನ ಸೂರ್ಯೋದಯಕ್ಕಾಗಿ ಹಿರಿಯರ ನಿದ್ದೆ ಕೆಡಿಸುವುದು ಬೇಡ.

ಉತ್ತರ 3

ಗುಡ್ಡದ ಊರಿಗಾಗಿ ಅನೇಕರು ಬಂದೀಪುರವನ್ನು ಸೂಚಿಸುತ್ತಾರೆ. ನೇವಾರ ಸಮುದಾಯದ ಮನೆಗಳಿರುವ, ವಾಹನಗಳಿಲ್ಲದ ಅದರ ಬೀದಿ ನಿಜಕ್ಕೂ ಸುಂದರ. ಆದರೆ ನಿಮ್ಮ ಮಾರ್ಗಕ್ಕೆ ತಾನ್ಸೇನ್ ಹೆಚ್ಚು ಹೊಂದುತ್ತದೆ, ಏಕೆಂದರೆ ಅದು ಪೋಖರಾ ಮತ್ತು ಲುಂಬಿನಿಯ ನಡುವೆ ಬರುವುದರಿಂದ ದೀರ್ಘವಾದ ಘಟ್ಟದ ಪ್ರಯಾಣ ಎರಡು ದಿನಗಳಿಗೆ ಹಂಚಿಹೋಗುತ್ತದೆ. ಕಠ್ಮಂಡುವಿನಿಂದ ಪೋಖರಾಕ್ಕೆ ವಿಮಾನದಲ್ಲೇ ಹೋಗಿ. ಲುಂಬಿನಿಯಿಂದ ಕಠ್ಮಂಡುವಿಗೆ ಮರಳುವ ಬದಲು ಸುನೌಲಿ ಗಡಿ ದಾಟಿ ಗೋರಖಪುರಕ್ಕೆ ಬಂದರೆ ಒಂದು ದಿನ ಉಳಿಯುತ್ತದೆ.

ಲುಂಬಿನಿಯಲ್ಲಿ ನಾನಾ ದೇಶಗಳ ವಿಹಾರಗಳು ದೂರದೂರಕ್ಕೆ ಹರಡಿವೆ, ಇ-ರಿಕ್ಷಾ ಮಾಡಿಕೊಳ್ಳಿ. ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದುದು ಅಶೋಕ ಸ್ತಂಭದ ಮುಂದೆ. ಬುದ್ಧ ಹುಟ್ಟಿದ ಊರೆಂಬ ಕಾರಣಕ್ಕೆ ಲುಂಬಿನಿಯ ಕಂದಾಯವನ್ನು ಬೆಳೆಯ ಎಂಟನೆಯ ಒಂದು ಭಾಗಕ್ಕೆ ಇಳಿಸಿದ ಸಂಗತಿಯನ್ನು ಅದರ ಬ್ರಾಹ್ಮೀ ಅಕ್ಷರಗಳು ಹೇಳುತ್ತವೆ. ಮಸ್ಕಿಯ ಅಶೋಕ ಶಾಸನವನ್ನು ನೋಡಿದ್ದರೆ ಆ ಅಕ್ಷರಗಳು ನಿಮ್ಮ ತಂದೆಯವರಿಗೆ ಪರಿಚಿತವೆನಿಸಬಹುದು.

ವಿಮಾನದಲ್ಲಿ ಹೋಗುವಾಗ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಇರಲಿ. ಆಧಾರ್ ಕಾರ್ಡ್ ಒಂದನ್ನೇ ನಂಬಿ ಹೊರಡಬೇಡಿ.