ಸ್ಪಾರಿಂಗ್‌ನಲ್ಲಿ ಏಟು ಬಿದ್ದ ಮೇಲೆ ಕೈ ಏಳುತ್ತದೆ, ಏನು ಮಾಡಲಿ?

ಪ್ರಶ್ನೆ, ಶಿವಮೊಗ್ಗದಿಂದ:
ಕಿಕ್‌ಬಾಕ್ಸಿಂಗ್ ಕಲಿಯಲು ಸೇರಿ ಎಂಟು ತಿಂಗಳಾಯಿತು. ಬ್ಯಾಗ್ ಮೇಲೆ ಕೈ ಚೆನ್ನಾಗಿ ಓಡುತ್ತದೆ. ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾದಾಟಕ್ಕೆ, ಎದುರಿಗೆ ಮನುಷ್ಯ ನಿಂತರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಮುಖಕ್ಕೆ ತಗುಲಿದ ಮೇಲೆ ತಡೆಯಲು ಕೈ ಏಳುತ್ತದೆ. ಅನುಭವವಿದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ನಿಮ್ಮ ಕೈ ನಿಧಾನವಲ್ಲ, ನೋಟ ತಪ್ಪು ಜಾಗದಲ್ಲಿದೆ. ನಾನೂ ಎರಡು ವರ್ಷ ಎದುರಾಳಿಯ ಗ್ಲೌಸನ್ನೇ ದಿಟ್ಟಿಸುತ್ತಿದ್ದೆ. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಯಾರಿಗಾದರೂ ಸುಮಾರು 0.2 ಸೆಕೆಂಡು ಬೇಕು. ಹತ್ತಿರದಿಂದ ಹೊರಟ ಜ್ಯಾಬ್ ಅಷ್ಟು ಹೊತ್ತು ಕಾಯುವುದಿಲ್ಲ. ಮುಷ್ಟಿ ಹೊರಡುವ ಮುನ್ನವೇ ಸುಳಿವು ಹಿಡಿಯಬೇಕು.

ಇದು ನನಗೆ ಮನದಟ್ಟಾದದ್ದು ನಮ್ಮ ತೋಟದಲ್ಲಿ. ಅಡಿಕೆ ಕೊಯ್ಯುವ ಕೊನೆಗಾರ ಮರದ ತುದಿಯಿಂದ ಗೊನೆಯನ್ನು ನೇಣಿನ (ಹಗ್ಗದ) ಮೇಲೆ ಜಾರಿಬಿಡುತ್ತಾನೆ. ಕೆಳಗೆ ಹಿಡಿಯುವವನು ಗೊನೆ ಜಾರಿದ್ದು ಕಂಡ ಮೇಲೆ ಸಿದ್ಧನಾದರೆ ತಡವಾಯಿತು. ಮೇಲಿನವನ ಭುಜ ನೋಡು ಎನ್ನುತ್ತಿದ್ದರು ಅಪ್ಪ. ಗೊನೆ ಬಿಡುವ ಮೊದಲು ಭುಜ ಒಂದಿಷ್ಟು ಕುಸಿಯುತ್ತದೆ, ಅಷ್ಟರಲ್ಲಿ ನೇಣು ಬಿಗಿಯಾಗಿರಬೇಕು. ಮರುವಾರ ಸ್ಪಾರಿಂಗ್‌ನಲ್ಲಿ ಗೆಳೆಯನ ಎದೆಯ ಮೇಲ್ಭಾಗದಲ್ಲಿ ನೋಟವಿಟ್ಟೆ. ಜ್ಯಾಬ್‌ಗೆ ಮೊದಲು ಅವನ ಎಡ ಮೊಣಕೈ ಪಕ್ಕೆಯಿಂದ ಒಂದು ಬೆರಳಿನಷ್ಟು ಆಚೆ ಬರುತ್ತಿತ್ತು. ಎರಡು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅಭ್ಯಾಸಕ್ಕೆ ಒಂದೇ ಏಟು, ಒಂದೇ ಉತ್ತರ ಇಟ್ಟುಕೊಳ್ಳಿ. ಜೊತೆಗಾರ ಮೂರು ನಿಮಿಷ ನಿಧಾನವಾಗಿ ಜ್ಯಾಬ್ ಮಾತ್ರ ಹಾಕಲಿ, ನೀವು ಬಲ ಅಂಗೈಯಿಂದ ತಟ್ಟಿ ದಿಕ್ಕು ತಪ್ಪಿಸಿ, ಕೈಯನ್ನು ಕೂಡಲೇ ಗದ್ದದ ಬಳಿಗೆ ತನ್ನಿ. ತಟ್ಟುವುದು ಅಂಗೈ ಅಗಲ ಸಾಕು, ಚಾಚಿದರೆ ಮುಖ ಬಯಲಾಗುತ್ತದೆ. ಇದು ಸಲೀಸಾಗಿ ಬರುವವರೆಗೆ ಎರಡನೇ ಏಟು ಸೇರಿಸಬೇಡಿ. ಆಯ್ಕೆ ಹೆಚ್ಚಾದಷ್ಟೂ ಮನಸ್ಸು ತಡವರಿಸುತ್ತದೆ.

ಕಣ್ಣು ಮುಚ್ಚುವುದು ದೇಹದ ಸಹಜ ರಕ್ಷಣೆ, ಅದಕ್ಕೆ ನಾಚಿಕೆ ಬೇಡ. ಜೊತೆಗಾರ ಗ್ಲೌಸಿನಿಂದ ನಿಮ್ಮ ಹಣೆಯನ್ನು ಮೆಲ್ಲಗೆ ಮುಟ್ಟುತ್ತಿರಲಿ. ಗದ್ದ ಇಳಿಸಿ, ಪ್ರತಿ ಸಲ ಮೂಗಿನಿಂದ ಉಸಿರು ಬಿಡುತ್ತಾ ಕಣ್ಣು ತೆರೆದೇ ಇರಿ. ನನಗೆ ಮೂರು ವಾರ ಹಿಡಿಯಿತು.

ಭದ್ರಾವತಿಯಿಂದ:
ಮೇಲಿನ ಮಾತೆಲ್ಲ ಒಪ್ಪಿದೆ. ಆದರೆ ಮೊದಲು ಕಾಲು. ಎದುರಾಳಿ ಒಂದು ಹೆಜ್ಜೆ ಇಡದೆ ನಿಮ್ಮನ್ನು ಮುಟ್ಟಲಾಗದಷ್ಟು ದೂರದಲ್ಲಿ ನಿಂತರೆ ಆ ಹೆಜ್ಜೆಯೇ ಸೂಚನೆ. ಮೊಹಮ್ಮದ್ ಅಲಿ ಕೈ ಇಳಿಸಿ ತಲೆ ಹಿಂದಕ್ಕೆಳೆಯುವುದನ್ನು ಹುಡುಗರು ಅನುಕರಿಸುತ್ತಾರೆ, ಅಲಿಯ ಕಾಲುಗಳು ಅಂತರ ಕಾಯ್ದುಕೊಳ್ಳುತ್ತಿದ್ದುದನ್ನು ಗಮನಿಸುವುದಿಲ್ಲ. ಮೊಬೈಲ್‌ನಲ್ಲಿ ದೀಪ ಮಿನುಗಿದಾಗ ಒತ್ತುವ ಆಟಗಳನ್ನೂ ನಾನು ಆಡಿ ನೋಡಿದೆ. ದೀಪಕ್ಕೆ ಭುಜವಿಲ್ಲ, ಸೊಂಟವಿಲ್ಲ. ರಿಂಗ್‌ನಲ್ಲಿ ಅದರಿಂದ ಏನೂ ಸಿಗಲಿಲ್ಲ.

ಸಾಗರದಿಂದ:
ಒದೆತದ ಬಗ್ಗೆ ಯಾರೂ ಹೇಳಲಿಲ್ಲ. ರೌಂಡ್‌ಹೌಸ್, ಅಂದರೆ ಬದಿಯಿಂದ ಸುತ್ತಿ ಬರುವ ಒದೆತ, ಬರುವ ಮೊದಲು ನೆಲದಲ್ಲಿರುವ ಪಾದ ಹೊರಕ್ಕೆ ತಿರುಗುತ್ತದೆ, ಸೊಂಟ ಹಿಂಬಾಲಿಸುತ್ತದೆ. ತೊಡೆಗೆ ಬರುವುದನ್ನು ಮೊಣಕಾಲು ಎತ್ತಿ ಅದರ ಕೆಳಗಿನ ಮುಂಭಾಗದ ಎಲುಬಿನ ಮೇಲೆ ತೆಗೆದುಕೊಳ್ಳಿ, ಕೈ ಇಳಿಸಬೇಡಿ. ಕೈ ಇಳಿಸಿದವನಿಗೆ ಮುಂದಿನದು ತಲೆಗೇ ಬರುತ್ತದೆ. ನಮ್ಮಲ್ಲಿ ಜುಲೈ ಮಳೆಗೆ ಮ್ಯಾಟ್ ಥಂಡಿ ಹಿಡಿದು ಒಂಟಿಕಾಲು ಜಾರುತ್ತದೆ, ಪ್ರತಿ ಸುತ್ತಿಗೆ ಮೊದಲು ಒಣಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ ಕೇಳಿದವರು:
ನನ್ನ ಜೊತೆಗಾರ ನನಗಿಂತ 12 ಕಿಲೋ ಹೆಚ್ಚು ತೂಗುತ್ತಾನೆ. ನಿಧಾನ ಎಂದರೂ ಬಲವಾಗಿ ಹೊಡೆಯುತ್ತಾನೆ. ಕಳೆದ ವಾರ ರಾತ್ರಿಯಿಡೀ ತಲೆನೋವಿತ್ತು.

ತೀರ್ಥಹಳ್ಳಿಯಿಂದ:
ಹಾಗಾದರೆ ಮೇಲೆ ಬರೆದದ್ದನ್ನೆಲ್ಲ ಬದಿಗಿಡಿ. ವೈದ್ಯರು ನೋಡಿ ಸರಿ ಎನ್ನುವವರೆಗೆ ಸ್ಪಾರಿಂಗ್ ಬೇಡವೇ ಬೇಡ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಮರಳಿ ಬಂದಾಗ 16 ಔನ್ಸ್ ಗ್ಲೌಸ್, ಮೌತ್‌ಗಾರ್ಡ್ ಹಾಕಿ, ನಿಲ್ಲಿಸು ಎಂದರೆ ನಿಲ್ಲಿಸುವ ಜೊತೆಗಾರನನ್ನು ಹುಡುಕಿಕೊಳ್ಳಿ. ಹೆದರಿದ ದೇಹ ಕಣ್ಣು ಮುಚ್ಚುವುದನ್ನಷ್ಟೇ ಕಲಿಯುತ್ತದೆ. ಮುಂದಿನ ತಿಂಗಳು ಶಿವಮೊಗ್ಗಕ್ಕೆ ಬರುವವನಿದ್ದೇನೆ. ಅಷ್ಟರಲ್ಲಿ ವೈದ್ಯರು ಒಪ್ಪಿದ್ದರೆ ನೆಹರೂ ಕ್ರೀಡಾಂಗಣದ ಬಳಿ ಸಿಗಿ. ಏಟಿಲ್ಲದೆ, ಭುಜ ನೋಡುವುದನ್ನು ಮಾತ್ರ ಹತ್ತು ನಿಮಿಷ ಮಾಡೋಣ.