ಎಂಟು ಜನರಲ್ಲಿ ಒಬ್ಬನನ್ನು ‘ಕಳಪೆ’ ಎಂದು ಬರೆಯಲೇಬೇಕೇ?

ಪೀಣ್ಯದ ಮೇಲ್ವಿಚಾರಕ:
ಪೀಣ್ಯ ಎರಡನೇ ಹಂತದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಲೋಹ ಕಡೆಯುವ ಮೆಷಿನ್‌ಗಳ) ಶೆಡ್ಡಿನಲ್ಲಿ ನಾನು ಮೇಲ್ವಿಚಾರಕ. ಕೈಕೆಳಗೆ ಎಂಟು ಆಪರೇಟರ್‌ಗಳು. ಇಷ್ಟು ವರ್ಷ ಯುಗಾದಿಯ ಹೊತ್ತಿಗೆ ಮಾಲೀಕರು ಒಬ್ಬೊಬ್ಬರನ್ನೇ ಕರೆದು ಸಂಬಳ ಏರಿಸುತ್ತಿದ್ದರು. ಈಗ ಅವರ ಮಗ ಎಂಬಿಎ ಮುಗಿಸಿ ಬಂದಿದ್ದಾರೆ. ಒಂದರಿಂದ ಐದರವರೆಗೆ ಅಂಕ ಕೊಡಬೇಕಂತೆ, ಒಬ್ಬನಿಗಾದರೂ ಒಂದು, ಅಂದರೆ ‘ಕಳಪೆ’, ಬೀಳಲೇಬೇಕಂತೆ. ಅಳತೆಗೋಲು ಒಂದೇ: ಪಾಳಿಗೆ ಎಷ್ಟು ಪೀಸ್.

ಆ ಲೆಕ್ಕದಲ್ಲಿ ಕೊನೆಗೆ ಬರುವವನು ನಮ್ಮ ಹಿರಿಯ ಆಪರೇಟರ್. ಹೊಸ ಜಾಬ್ ಬಂದಾಗಲೆಲ್ಲ ಎಲ್ಲರ ಮೆಷಿನ್ ಸೆಟ್ಟಿಂಗ್ ಮಾಡಿಕೊಡುವವನು ಅವನೇ. ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಕೊಟ್ಟು, ಮೊದಲ ಪೀಸನ್ನು ಮೈಕ್ರೋಮೀಟರಿನಲ್ಲಿ ಅಳೆದು ‘ಸರಿ’ ಎನ್ನುವಷ್ಟರಲ್ಲಿ ಅವನ ಸ್ವಂತ ಮೆಷಿನ್ ಸುಮ್ಮನೆ ನಿಂತಿರುತ್ತದೆ. ಅವನ ಹೆಸರಿನ ಮುಂದೆ ಒಂದು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಏನೆಂದು ವಾದಿಸಲಿ?

ವೈಟ್‌ಫೀಲ್ಡ್ ವಾಸಿ:
ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಚ್ ನಡೆಸಿದ 20-70-10ರ ಪದ್ಧತಿಯ ನೆರಳು ಇದು: ಮೇಲಿನ ಶೇಕಡಾ 20ಕ್ಕೆ ಬಹುಮಾನ, ನಡುವೆ 70, ಕೊನೆಯ 10ಕ್ಕೆ ಹೊರದಾರಿ. ಅದು ಲಕ್ಷಗಟ್ಟಲೆ ನೌಕರರಿದ್ದ ಕಂಪನಿ. ಮೈಕ್ರೋಸಾಫ್ಟ್ ಇಂಥದ್ದನ್ನು 2013ರಲ್ಲೇ ಕೈಬಿಟ್ಟಿತು. ಎಂಟು ಜನರಲ್ಲಿ ಶೇಕಡಾ ಹತ್ತು ಎಂದರೆ ಒಬ್ಬ ಮನುಷ್ಯನೂ ಪೂರ್ತಿ ಸಿಗುವುದಿಲ್ಲ, ಚಿಕ್ಕ ಯಜಮಾನರಿಗೆ ಹೇಳಿ.

ನಿವೃತ್ತ ಸೂಪರಿಂಟೆಂಡೆಂಟ್:
ಬರೆದದ್ದನ್ನು ಆ ನೌಕರನಿಗೆ ತೋರಿಸುತ್ತಾರೆಯೇ, ಮೊದಲು ಅದನ್ನು ಕೇಳಿ. ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಗೋಪ್ಯ ವರದಿಯಲ್ಲಿ ‘ಉತ್ತಮ’ ಎಂದು ಬರೆದಿದ್ದರೂ ನೌಕರನಿಗೆ ತಿಳಿಸಬೇಕು ಎಂದಿತು. ಅದು ನಮ್ಮಂಥ ಸರ್ಕಾರಿ ನೌಕರರ ಮಾತು, ನಿಮ್ಮ ಶೆಡ್ಡಿಗೆ ಅನ್ವಯಿಸದು. ಆದರೂ ಮುಖಕ್ಕೆ ತೋರಿಸಬೇಕು ಎಂದಾಗ ಪೆನ್ನು ತಾನಾಗಿ ನಿಧಾನವಾಗುತ್ತದೆ, ಕಂಡಿದ್ದೇನೆ.

ರಾಜಾಜಿನಗರ ಟೂಲ್‌ರೂಮ್:
ಪೀಸ್ ಲೆಕ್ಕವೇ ಬೇಡವೆನ್ನಬೇಡಿ, ಮೈಗಳ್ಳರಿಗೆ ಅದು ಬೇಕು. ಲಾಗ್ ಪುಸ್ತಕದಲ್ಲಿ ಸೆಟ್ಟಿಂಗ್ ಸಮಯಕ್ಕೆ ಬೇರೆ ಕಾಲಂ ಎಳೆಯಿರಿ, ಮಾಡಿದವನ ಹೆಸರಿನೊಂದಿಗೆ. ಪೀಸನ್ನು ಮೆಷಿನ್ ಓಡಿದ ಗಂಟೆಗಳಿಂದ ಮಾತ್ರ ಭಾಗಿಸಿ. ರಿಜೆಕ್ಷನ್ (ಅಳತೆ ತಪ್ಪಿ ತಿರಸ್ಕೃತವಾದ ಪೀಸ್) ಕಳೆಯಿರಿ. ಇನ್ನೊಂದು, ಅವನು ರಜೆಯಲ್ಲಿದ್ದ ವಾರದ ರಿಜೆಕ್ಷನ್ ತೆಗೆದು ನೋಡಿ.

ಪೀಣ್ಯದ ಮೇಲ್ವಿಚಾರಕ:
ನೋಡಿದೆ. ಅವನು ಊರ ಜಾತ್ರೆಗೆ ಹೋಗಿದ್ದಾಗ ಒಂದು ಬ್ಯಾಚ್ ಬುಷ್ (ಕೊಳವೆಯಂಥ ಬಿಡಿಭಾಗ) ಪೂರ್ತಿ ಗುಜರಿಗೆ ಹೋಗಿದೆ, ಒಳವ್ಯಾಸ ಹೆಚ್ಚಾಗಿ. (ಕಡಿಮೆಯಾಗಿದ್ದರೆ ಮತ್ತೆ ಕೊರೆದು ಉಳಿಸಿಕೊಳ್ಳಬಹುದಿತ್ತು.) ಶೇಕಡಾ ಹತ್ತರ ಲೆಕ್ಕ ಆಮೇಲೆ, ಸೋಮವಾರ ಮೊದಲು ಈ ಪುಟವನ್ನು ಚಿಕ್ಕ ಯಜಮಾನರ ಮುಂದಿಡುತ್ತೇನೆ, ಆ ಬ್ಯಾಚಿನ ಉಕ್ಕಿನ ಬಿಲ್ಲಿನ ಜೊತೆಗೆ.