‘ಹೆಡ್‌ವೇ’ಗೂ ‘ಅಂತರ’, ‘ಗ್ಯಾಪ್’ಗೂ ‘ಅಂತರ’?

ಫ್ರೀವೇಗಳಲ್ಲಿ (ಸಿಗ್ನಲ್‌ಗಳಿಲ್ಲದ ಹೆದ್ದಾರಿಗಳಲ್ಲಿ) ಕಾರುಗಳು ಚಾಲಕರ ಕೈಯಿಲ್ಲದೆ ಸಾಗುವ ವ್ಯವಸ್ಥೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ‘ಹೆಡ್‌ವೇ’, ‘ಗ್ಯಾಪ್’ ಎರಡಕ್ಕೂ ‘ಅಂತರ’ ಎಂದೇ ಬಳಸಿದರೆ ಲೆಕ್ಕವೇ ಕೆಡುತ್ತದೆ. ಗ್ಯಾಪ್ ಎಂದರೆ ಮುಂದಿನ ಕಾರಿನ ಹಿಂಬದಿಗೂ ಹಿಂದಿನ ಕಾರಿನ ಮೂತಿಗೂ ನಡುವಿನ ಖಾಲಿ ಜಾಗ. ಹೆಡ್‌ವೇ ಎಂದರೆ ಒಂದು ಕಾರಿನ ಮೂತಿ ಗೆರೆ ದಾಟಿದ ಮೇಲೆ ಅದರ ಹಿಂದಿನ ಕಾರಿನ ಮೂತಿ ಅದೇ ಗೆರೆ ಮುಟ್ಟಲು ಹಿಡಿಯುವ ಹೊತ್ತು. ಕಾರಿನ ಉದ್ದವೂ ಅದರೊಳಗೆ ಸೇರಿದೆ.

1997ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಐ-15 ಹೆದ್ದಾರಿಯಲ್ಲಿ 8 ಬ್ಯೂಯಿಕ್ ಕಾರುಗಳನ್ನು ರಸ್ತೆಯಲ್ಲಿ ಹೂತ ಅಯಸ್ಕಾಂತಗಳ ಜಾಡಿನ ಮೇಲೆ ಓಡಿಸಿ ತೋರಿಸಿದರು. ಗ್ಯಾಪ್ ಸುಮಾರು 6.5 ಮೀಟರ್. ವೇಗ ಗಂಟೆಗೆ 96 ಕಿ.ಮೀ., ಕಾರಿನ ಉದ್ದ 5 ಮೀಟರ್ ಎಂದಿಟ್ಟುಕೊಳ್ಳಿ. 96,000 ಮೀಟರನ್ನು 11.5ರಿಂದ (6.5 + 5) ಭಾಗಿಸಿದರೆ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 8,350 ಕಾರು. ‘ಅಂತರ 6.5’ ಎಂದು ಓದಿ ಅದರಿಂದಲೇ ಭಾಗಿಸಿದವರಿಗೆ 14,800 ಸಿಗುತ್ತದೆ, ಕಾರುಗಳಿಗೆ ಉದ್ದವೇ ಇಲ್ಲವೆಂಬಂತೆ! 8,350 ಕೂಡ ನಿಜದಲ್ಲಿ ದಕ್ಕುವುದಿಲ್ಲ. 8 ಕಾರುಗಳ ಒಂದು ಗುಂಪು ಹಠಾತ್ತನೆ ನಿಂತರೆ ಹಿಂದಿನ ಗುಂಪು ಗುದ್ದದಂತೆ ನಡುವೆ 60 ಮೀಟರ್ ಬಿಟ್ಟರೆ 5,300ರ ಆಸುಪಾಸಿಗೆ ಇಳಿಯುತ್ತದೆ. ಮನುಷ್ಯರೇ ಓಡಿಸುವಾಗ 2,000ದಿಂದ 2,200.

ಗ್ಯಾಪ್‌ಗೆ ‘ತೆರಪು’, ಹೆಡ್‌ವೇಗೆ ‘ಸರದಿ ಹೊತ್ತು’ ಎನ್ನಬಹುದು. ಮೆಟ್ರೊ, ಬಸ್ಸುಗಳ ಹೆಡ್‌ವೇಗೂ ಇದು ಒಪ್ಪುತ್ತದೆ. ‘ಕಾಲಾಂತರ’ ಬೇಡ, ‘ಕಾಲಾಂತರದಲ್ಲಿ’ ಎಂಬ ರೂಢಿ ಅಡ್ಡ ಬರುತ್ತದೆ. ಹೀಗೆ ಒತ್ತಾಗಿ ಒಟ್ಟಿಗೆ ಓಡುವ ಕಾರುಗಳ ಗುಂಪಾದ ಪ್ಲಟೂನ್‌ಗೆ ‘ಸಾಲು’ ಎಂದರೆ ಟ್ರಾಫಿಕ್ ಜಾಮ್ ಕಣ್ಣಿಗೆ ಬರುತ್ತದೆ. ಮುಂದಾಳು, ತುದಿ, ಎಣಿಕೆ ಮೂರೂ ಇರುವ ‘ತುಕಡಿ’ಯೇ ವಾಸಿ.

ಎಮಿಷನ್‌ಗೆ ‘ಹೊಗೆ’ ಸಾಲದು, ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ. ‘ಹೊರಸೂಸುವಿಕೆ’ ಉದ್ದವಾದರೂ ಸರಿ. ಆದರೆ ಅದು ಕಿ.ಮೀ.ಗೆ ಎಷ್ಟೋ, ಒಟ್ಟು ಎಷ್ಟೋ ಎಂಬುದನ್ನು ಪ್ರತಿ ಸಲ ಬರೆಯಲೇಬೇಕು. ತುಕಡಿಯಲ್ಲಿ ಗಾಳಿಯ ತಡೆ ತಗ್ಗುತ್ತದೆ, ಬ್ರೇಕ್ ಒತ್ತಿ ಮತ್ತೆ ವೇಗ ಕೂಡಿಸುವುದೂ ಕಡಿಮೆ. ಕಿ.ಮೀ.ಗೆ 10% ಉಳಿಯಿತೆನ್ನಿ. ದಾರಿ ಸಲೀಸಾಯಿತೆಂದು ಜನ ಇನ್ನೂ ದೂರದಿಂದ ಬರತೊಡಗಿ ಓಡಾಟ 20% ಹೆಚ್ಚಿದರೆ 0.9 × 1.2 = 1.08, ಅಂದರೆ ಒಟ್ಟು 8% ಏರಿಕೆ. ಫ್ರೀವೇಯಿಂದ ಇಳಿದ ಕಾರುಗಳು ಊರೊಳಗಿನ ಸಿಗ್ನಲ್‌ಗಳಲ್ಲಿ ನಿಂತು ಸುಡುವ ಇಂಧನ ಬೇರೆ.

ಹೀಗೆ ಹುಟ್ಟುವ ಹೆಚ್ಚುವರಿ ಓಡಾಟಕ್ಕೆ ‘ಪ್ರೇರಿತ ಸಂಚಾರ’ ಎನ್ನುವುದುಂಟು, ಆದರೆ ಯಾರೋ ಪುಸಲಾಯಿಸಿದಂತೆ ಕೇಳಿಸುತ್ತದೆ. ‘ದಾರಿಹುಟ್ಟು ಸಂಚಾರ’ ನಡೆದೀತೆ? ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.